ಓದದೆ ತೆಗೆದುಕೊಂಡ ತಾಂಬೂಲ

ರಮಾಕಾಂತರು ಯಾವ ಕಾಗದಕ್ಕೂ ಓದದೆ ಸಹಿ ಹಾಕುವವರಲ್ಲ. ಇಂಥ ಮಾತನ್ನು ಎಲ್ಲರೂ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ರಮಾಕಾಂತರು ಹೇಳಿಕೊಳ್ಳುತ್ತಿರಲಿಲ್ಲ, ಓದುತ್ತಿದ್ದರು. ಬಾಗಿಲಿಗೆ ಪಾರ್ಸೆಲ್ ತಂದವನು ಕೈಗಿತ್ತ ಯಂತ್ರದ ಪರದೆಯನ್ನು ಕನ್ನಡಕ ಮೇಲೆತ್ತಿ ಮೊದಲಿನಿಂದ ಕೊನೆಯವರೆಗೆ ಓದುವರು. ಅವನು ಒಮ್ಮೆ ವ್ಯಾನಿನ ಕಡೆಗೆ, ಒಮ್ಮೆ ಇವರ ಕಡೆಗೆ ನೋಡುತ್ತ ಬಿಸಿಲಿನಲ್ಲಿ ಕಾಲು ಬದಲಿಸುವನು. ಮಗಳು ಅನನ್ಯಾ ನಾಲ್ಕನೆಯ ತರಗತಿಯಲ್ಲಿದ್ದಾಗ, ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ಯಲು ಶಾಲೆಯವರು ಒಪ್ಪಿಗೆ ಕೇಳಿ ಕಳಿಸಿದ್ದ ಚೀಟಿಯನ್ನು ಇವರು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟೇಹೋಗಿತ್ತು. "ಡ್ಯಾಡ್, ಇಟ್ಸ್ ಜಸ್ಟ್ ದ ಝೂ" ಎಂದು ಅಳುತ್ತ ಕೂತಿದ್ದ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು, ಆ ಬಸ್ಸಿನ ಹಿಂದೆಯೇ ಓಡಿಸಿ, ಮೃಗಾಲಯದ ಬಾಗಿಲಲ್ಲಿ ಟೀಚರ ಕೈಗೆ ಮಗುವನ್ನೂ ಸಹಿ ಮಾಡಿದ ಚೀಟಿಯನ್ನೂ ಒಪ್ಪಿಸಿ ಬಂದಿದ್ದರು.

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಹೆಂಡತಿ ಸುಭದ್ರಾಳ ಪಿತ್ತಕೋಶ ತೆಗೆಸಬೇಕಾಗಿ ಬಂದಾಗಲೂ ಹಾಗೆಯೇ. ಸಹಿ ಹಾಕಬೇಕಾದವಳು ಅವಳು, ಓದಿದವರು ಇವರು. ಅವಳು ಗಾಲಿಮಂಚದ ಮೇಲೆ ಮಲಗಿ ಚಾವಣಿ ನೋಡುತ್ತಿದ್ದಳು. ಮಂಚ ತಳ್ಳುವವರಿಬ್ಬರು ಗೋಡೆಗೊರಗಿ ಕಾಯುತ್ತಿದ್ದರು. ಮೈಸೂರಿನವರೇ ಆದ ಡಾಕ್ಟರ್ ಪಂಚಾಕ್ಷರಿ ಆ ದಾರಿಯಲ್ಲಿ ಬಂದವರು ನಿಂತು, "ಸ್ವಾಮಿ, ಇದು ಗಾಲ್‌ಬ್ಲಾಡರ್, ಸೈಟಿನ ಕ್ರಯಪತ್ರ ಅಲ್ಲ" ಎಂದರು. ರಮಾಕಾಂತರು ನಗದೆ, ಕೊನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಅಂದ್ರೆ?" ಎಂದು ಕೇಳಿದರು. ಡಾಕ್ಟರು ಬಿಡಿಸಿ ಹೇಳಿದರು. ಆಮೇಲೆ ಪೆನ್ನನ್ನು ಹೆಂಡತಿಯ ಕೈಗಿತ್ತು, "ಓದಿದೀನಿ. ಹಾಕು" ಎಂದರು. ಸುಭದ್ರಾಳಿಗೆ ಆಗ ನಾಚಿಕೆಯಿಂದ ಮುಖ ಎಲ್ಲಿಡಲೂ ತಿಳಿಯಲಿಲ್ಲ. ಮದ್ದಿನ ಮಂಪರು ಇಳಿದ ಮೇಲೆ ಮಾತ್ರ, ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಈ ಮನುಷ್ಯ ತನಗೆ ಹೇಳಿದ ಅತ್ಯಂತ ಮೃದುವಾದ ಮಾತು ಅದೇ ಇರಬೇಕು ಎಂದು ಅವಳಿಗೆ ಅನ್ನಿಸಿತು.

"ಅಂದ್ರೆ?" ಎಂಬುದು ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಮಳೆ ಬರೋ ಹಾಗಿದೆ ಎಂದರೂ ಅಂದ್ರೆ, ನಾಳೆ ಸಿಗೋಣ ಎಂದರೂ ಅಂದ್ರೆ. ಹಿಂದೆ ಬ್ರಿಸ್ಬೇನಿನಲ್ಲಿದ್ದಾಗ ಅಲ್ಲಿನ ಕನ್ನಡದ ಮಕ್ಕಳು ಅವರನ್ನು ಅಂದ್ರೆ ಅಂಕಲ್ ಎಂದೇ ಕರೆಯುತ್ತಿದ್ದರು. ನಡಿಗೆಯೂ ಅದೇ ಮಾದರಿಯದು: ತಲೆ ತುಸು ಮುಂದೆ, ಕೈಗಳು ಬೆನ್ನ ಹಿಂದೆ, ದಾರಿಯಲ್ಲಿ ಸಿಕ್ಕ ಪ್ರತಿ ಫಲಕದ ಮುಂದೂ ಒಂದು ಗಳಿಗೆ ನಿಲುಗಡೆ. ಅವರ ಜೊತೆ ಸಂಜೆ ತಿರುಗಾಡಲು ಹೋದವರು ಎರಡನೆಯ ಸಲ ಹೋಗುತ್ತಿರಲಿಲ್ಲ. ಸುಭದ್ರಾ ಮಾತ್ರ ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ ನೋಡಿ, ಮತ್ತೆ ನಾಲ್ಕು ಹೆಜ್ಜೆ ಇಡುವ ಅಭ್ಯಾಸ ಮಾಡಿಕೊಂಡಿದ್ದಳು.

ಇನ್ನು ಅವರ ಕೋಟು. ಬೂದು ಬಣ್ಣದ್ದು, ಪರ್ತಿಗೆ ಬಂದ ಮೊದಲ ತಿಂಗಳು ಹಳೆಬಟ್ಟೆ ಮಾರುವ ದಾನದಂಗಡಿಯೊಂದರಲ್ಲಿ ಕೊಂಡದ್ದು. ಯಾರೋ ಇವರಿಗಿಂತ ಉದ್ದ ಕೈಗಳ ಮನುಷ್ಯ ತೊಟ್ಟು ಬಿಟ್ಟ ಕೋಟಾದ್ದರಿಂದ ತೋಳು ಅಂಗೈಯವರೆಗೆ ಇಳಿಯುತ್ತಿತ್ತು. ಒಳಗಿನ ಅಸ್ತರನ್ನು ಸುಭದ್ರಾ ಮೂರು ಸಲ ಬದಲಿಸಿ ಹೊಲಿದಿದ್ದಳು. ಬರಬರುತ್ತ ಅದು ಸಹಿ ಹಾಕುವ ಕೋಟಾಯಿತು. ಅಡಿಲೇಡಿನ ಜನವರಿಯ ಸೆಕೆಯಲ್ಲಿ ಗೋಡೆಗಳೇ ಬೆವರುವಂತಿದ್ದಾಗಲೂ, ಊಟದ ಮೇಜಿನ ಮುಂದೆ ಕೂತು ಯಾವುದಾದರೂ ಕಾಗದಕ್ಕೆ ಸಹಿ ಹಾಕಬೇಕಾದರೆ ಮೊದಲು ಎದ್ದು ಕೋಟು ತೊಟ್ಟು ಬರುವರು. ತೋಳನ್ನು ಎಡಗೈಯಿಂದ ಹಿಂದಕ್ಕೆ ಸರಿಸಿ, ಮೆಲ್ಲಗೆ, ಮಗು ಅಕ್ಷರ ತಿದ್ದುವ ಹಾಗೆ, ಪೂರ್ತಿ ಹೆಸರು ಬರೆಯುವರು.

ಈ ದೇಶದಲ್ಲಿ ಅಧಿಕೃತ ಲೆಕ್ಕಿಗರಿಗೆ ಕೊಡುವ ಸಿಪಿಎ ಎಂಬ ಮೂರಕ್ಷರವನ್ನು ಹೆಸರಿನ ಮುಂದೆ ಬರೆದುಕೊಳ್ಳುವುದಕ್ಕೆ ಅವರಿಗೆ ಆರು ವರ್ಷ ಹಿಡಿದಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಮೈಸೂರಿನ ಎಂ.ಕಾಂ. ಪದವಿಯನ್ನೂ ಹನ್ನೆರಡು ವರ್ಷದ ಅನುಭವವನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಪರ್ತಿಗೆ ಬಂದಿಳಿದಾಗ, ಅವೆರಡೂ ಇಲ್ಲಿ ಬರೀ ಅರ್ಜಿಗಳು ಎಂದು ತಿಳಿಯಿತು. ತಾವು ಓದಿದ ಒಂದೊಂದು ವಿಷಯದ ಪಠ್ಯಕ್ರಮವನ್ನೂ, ಓದಿದ ವರ್ಷದ್ದೇ ಹುಡುಕಿಸಿ, ವಿಶ್ವವಿದ್ಯಾಲಯದ ಮೊಹರು ಹಾಕಿಸಿ ತರಿಸಬೇಕಾಯಿತು. ಇಲ್ಲಿನ ತೆರಿಗೆ ಕಾನೂನು, ಕಂಪನಿ ಕಾನೂನುಗಳನ್ನು ಕಾಲೇಜು ಹುಡುಗರ ಪಕ್ಕ ಕೂತು ಹೊಸದಾಗಿ ಓದಬೇಕಾಯಿತು. ಇಂಗ್ಲಿಷ್ ಬರುತ್ತದೆಂದು ತೋರಿಸಲು ಒಂದು ಪರೀಕ್ಷೆ, ಅದಾದ ಮೇಲೆ ವೃತ್ತಿಯ ಆರು ಪತ್ರಿಕೆಗಳು. ಎಲೆನ್‌ಬ್ರೂಕಿನ ಬಾಡಿಗೆ ಮನೆಯಿಂದ ಹೋಗಿ ಇಲ್ಲಿನವರು ಸರ್ವೊ ಎನ್ನುವ ಪೆಟ್ರೋಲ್ ಬಂಕೊಂದರ ಕೌಂಟರಿನಲ್ಲಿ ನಿಂತು ಪೆಟ್ರೋಲಿಗೆ ರಸೀದಿ ಹರಿಯುತ್ತಲೇ ಅವರು ಈ ಪತ್ರಿಕೆಗಳನ್ನು ಓದಿದರು. ಓದು, ಪರೀಕ್ಷೆ ಎಲ್ಲ ಮುಗಿದರೂ ಮುಗಿಯದ ಇನ್ನೊಂದಿತ್ತು: ಮೂರು ವರ್ಷದ ಕೆಲಸ. ಆ ಕೆಲಸವನ್ನು ತಿಂಗಳು ತಿಂಗಳೂ ಬರೆದಿಡಬೇಕು, ಅದನ್ನು ಈಗಾಗಲೇ ಪ್ರಮಾಣಪತ್ರವಿರುವ ಹಿರಿಯನೊಬ್ಬ, ಮೆಂಟರ್ ಎನ್ನುತ್ತಾರೆ, ನೋಡಿ ಹೌದೆಂದು ಸಹಿ ಹಾಕಬೇಕು.

ಇಂಥ ಸಹಿ ರಮಾಕಾಂತರಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಅವರಿದ್ದ ಆಡಿಟರ ಕಚೇರಿಯಲ್ಲಿ, ಆಡಿಟರಾಗಲು ಮಾಡಲೇಬೇಕಾದ ಆರ್ಟಿಕಲ್‌ಶಿಪ್ಪಿಗೆಂದು ಹೆಸರು ಬರೆಸಿ ಬೆಂಗಳೂರಿನ ಕೋಚಿಂಗ್ ಕ್ಲಾಸಿನಲ್ಲಿ ಕೂತಿರುತ್ತಿದ್ದ ಹುಡುಗರ ಹಾಜರಿ ಪುಸ್ತಕಕ್ಕೆ ಯಜಮಾನರು ತಿಂಗಳ ಕೊನೆಯಲ್ಲಿ ಕಾಫಿ ಹೀರುತ್ತ ಒಂದೇ ಉಸಿರಿಗೆ ಮೂವತ್ತು ಸಹಿ ಗೀಚುತ್ತಿದ್ದರು. ಪರ್ತಿನಲ್ಲಿ ಕಡೆಗೂ ಕೆಲಸ ಸಿಕ್ಕ ಸಣ್ಣ ಕಚೇರಿಯ ಮುದುಕ ಯಜಮಾನ ಹಾಗೆ ಮಾಡಲಿಲ್ಲ. ಮೊದಲ ವರ್ಷದ ದಾಖಲೆಯನ್ನು ಮುಂದಿಟ್ಟುಕೊಂಡು, ಸಾಲು ಸಾಲಿಗೂ ನಿಂತು, ಇದನ್ನು ನೀನು ಮಾಡಿದ್ದೋ, ಇನ್ನೊಬ್ಬರು ಮಾಡುವುದನ್ನು ನೋಡಿದ್ದೋ ಎಂದು ಕೇಳಿದ. ನೋಡಿದ್ದು ಎಂದಲ್ಲೆಲ್ಲ ಒಂದು ಗೀಟು ಎಳೆದ. ಆ ಗೀಟುಗಳಿಂದಾಗಿ ಪ್ರಮಾಣಪತ್ರ ನಾಲ್ಕು ತಿಂಗಳು ತಡವಾಯಿತು. ಸುಭದ್ರಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರೆ ರಮಾಕಾಂತರು ಹಬ್ಬದ ದಿನದವರ ಹಾಗೆ ಅಡಿಗೆಮನೆಯಲ್ಲಿ ಓಡಾಡಿದರು.

"ಇವತ್ತು ಒಬ್ಬ ಮನುಷ್ಯ ನನ್ನನ್ನ ಓದಿದ ಕಣೇ" ಎಂದರು. "ಪೂರ್ತಿ ಓದಿದ."

ಅವರು ಓದುವವರಾಗಿ ಬದಲಾದದ್ದು ಆ ದಿನವೇ ಎಂದು ಸುಭದ್ರಾಳ ಲೆಕ್ಕ. ಅದಕ್ಕೂ ಮೊದಲು ಅವರು ಬರೀ ನಿಧಾನದ ಮನುಷ್ಯರಾಗಿದ್ದರು.

ಪರ್ತಿನಿಂದ ಹೋಗಿ ಬ್ರಿಸ್ಬೇನಿನಲ್ಲಿ ಇದ್ದದ್ದು ಎರಡೇ ವರ್ಷ. ಅಲ್ಲಿನದೊಂದು ಕನ್ನಡ ಬಳಗದವರು, ಹೇಗೂ ನಮ್ಮವರಲ್ಲೇ ಸಿಪಿಎ ಇದ್ದಾರಲ್ಲ ಎಂದು, ವರ್ಷದ ವರದಿಯನ್ನು ಪಾಯಸದ ಬಟ್ಟಲಿನ ಪಕ್ಕ ತಂದಿಟ್ಟು ಸಹಿ ಕೇಳಿದರು. ಇವರು ಪಂಕ್ತಿಯಲ್ಲೇ ಓದತೊಡಗಿದರು. ವರದಿಯಲ್ಲಿದ್ದ ಒಂದು ಸಭೆ ನಡೆದೇ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ನಡೆಯದ ಸಭೆಯಲ್ಲಿ ತೀರ್ಮಾನ ಅಂದ್ರೆ, ಎಂದು ಇವರು ಕೇಳಿದರು. ಅಲ್ಲೊಬ್ಬರು, ಅಂದ್ರೆ ಪಾಯಸ ಆರೋಗುತ್ತೆ ಅಂತ, ಎಂದರು. ಇಡೀ ಪಂಕ್ತಿ ನಕ್ಕಿತು. ರಮಾಕಾಂತರು ಪಾಯಸ ಕುಡಿದು, ಬಟ್ಟಲು ತೊಳೆದಿಟ್ಟು, ಸಹಿ ಹಾಕದೆ ಮನೆಗೆ ಬಂದರು. ಮುಂದಿನ ದೀಪಾವಳಿಗೆ ಅವರ ಮನೆಗೆ ಕರೆ ಬರಲಿಲ್ಲ.

ಅಡಿಲೇಡಿಗೆ ಬಂದು ಮಾಸನ್ ಲೇಕ್ಸ್‌ನಲ್ಲಿ ಮನೆ ಮಾಡಿದ ಮೇಲೆ ಅವರೇ ಮೆಂಟರಾದರು. ದುಡ್ಡು ಕಾಸಿನ ವಿಷಯವಲ್ಲ. ತಾವು ಓದಿಸಿಕೊಂಡವರು, ಇನ್ನೊಬ್ಬರನ್ನು ಓದಬೇಕು, ಅಷ್ಟೆ. ಶನಿವಾರ ಮಧ್ಯಾಹ್ನ, ಇಲ್ಲಿನವರ ಬಾಯಲ್ಲಿ ಆರ್ವೊ, ಎಂದರೆ ಅವರ ಊಟದ ಮೇಜಿನ ಮುಂದೆ ಯಾರಾದರೊಬ್ಬರು ಬೆವರುತ್ತ ಕೂತಿರುತ್ತಿದ್ದರು. ಎಲ್ಲ ಈಗ ಕಂಪ್ಯೂಟರಿನಲ್ಲೇ. ಹೌದು ಎಂಬ ಚೌಕವನ್ನು ಒಮ್ಮೆ ಒತ್ತಿದರೆ ಸಾಕು. ರಮಾಕಾಂತರಿಗೆ ಸಾಲದು. ಪ್ರತಿ ತಿಂಗಳಿನ ದಾಖಲೆಯನ್ನೂ ಮುದ್ರಿಸಿ, ಓದಿ, ಪ್ರಶ್ನೆ ಕೇಳಿ, ಕೋಟು ತೊಟ್ಟು, ಕಾಗದದ ಮೇಲೆ ಸಹಿ ಹಾಕಿ, ಆ ಹಾಳೆಯನ್ನು ಫೈಲಿಗೆ ಸೇರಿಸಿದ ಮೇಲೆಯೇ ಆ ಚೌಕವನ್ನು ಒತ್ತುವರು. ಅವರ ಕೈಕೆಳಗೆ ಮೊದಲು ಪಾಸಾದವಳು ರಂಜನಿ. ಅವರದೇ ಕಚೇರಿಗೆ ಸೇರಿ ಮೇಲೇರಿದ ಚುರುಕು ಹುಡುಗಿ. ಅಂಕಲ್ ಹತ್ರ ಒಂದು ಸಹಿ ತಗೊಳೋದಕ್ಕಿಂತ ಆರು ಪೇಪರ್ ಮತ್ತೆ ಬರೆಯೋದು ವಾಸಿ ಎಂದು ಅವಳು ನಗಾಡುತ್ತಿದ್ದಳು. ಆದರೂ ಹೊಸಬರನ್ನು ಇವರ ಬಳಿಗೇ ಕಳಿಸುತ್ತಿದ್ದಳು.

ಹಾಗೆ ಬಂದವನು ಕೌಸ್ತುಭ್. ಮೈಸೂರಿನ ಹುಡುಗ, ಇಪ್ಪತ್ತೊಂಬತ್ತು ವರ್ಷ, ಇಲ್ಲಿಯೇ ಮಾಸ್ಟರ್ಸ್ ಓದಿದವನು. ಆರು ಪತ್ರಿಕೆಗಳನ್ನೂ ಮೊದಲ ಯತ್ನಕ್ಕೇ ಮುಗಿಸಿದ್ದ ಬುದ್ಧಿವಂತ. ಬಂದಾಗಲೆಲ್ಲ ಚಪ್ಪಲಿ ಜೋಡಿಸಿಟ್ಟು ಒಳಗೆ ಬರುವನು, ಸುಭದ್ರಾಳನ್ನು ಆಂಟಿ ಎಂದು ಬಾಯ್ತುಂಬ ಕರೆದು ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಳ್ಳುವನು. ರಮಾಕಾಂತರು ಅವನನ್ನು ಹಚ್ಚಿಕೊಂಡಿದ್ದರು. ಮೂವತ್ತಾರು ತಿಂಗಳಲ್ಲಿ ಇಪ್ಪತ್ತೊಂಬತ್ತಕ್ಕೆ ಸಹಿ ಬಿದ್ದಿತ್ತು. ಉಳಿದ ಏಳು ತಿಂಗಳು, ಅವನಿದ್ದ ಕಂಪನಿ ಮುಚ್ಚಿಹೋಗಿ ಅವನು ವ್ಯಾನಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚಿದ ಕಾಲ. ದಾಖಲೆಯಲ್ಲಿ ಮಾತ್ರ ಅದು ಸ್ನೇಹಿತನ ರೆಸ್ಟೊರೆಂಟಿನ ಲೆಕ್ಕಪತ್ರ ನೋಡಿಕೊಂಡ ಕಾಲವಾಗಿತ್ತು. ನೀನು ಮಾಡಿದ ಒಂದೇ ಒಂದು ಹಾಳೆ ತಂದು ತೋರಿಸು ಎಂದು ರಮಾಕಾಂತರು ಕೇಳಿದರು. ಹುಡುಗ ನಕ್ಕುಬಿಟ್ಟ.

"ಎಲ್ಲಾರೂ ಹಾಕ್ಕೊಳ್ತಾರೆ ಅಂಕಲ್. ಯಾರೂ ಚೆಕ್ ಮಾಡಲ್ಲ."

"ಯಾರೂ ಅಂದ್ರೆ? ನಾನಿದೀನಲ್ಲ" ಎಂದರು ರಮಾಕಾಂತರು.

ಇನ್ನು ಏಳು ತಿಂಗಳು ನಿಜವಾದ ಕೆಲಸ ಮಾಡು, ನಾನೇ ಸಹಿ ಹಾಕುತ್ತೇನೆ ಎಂದು ಹೇಳಿದರು. ಆದರೆ ಹುಡುಗನಿಗೆ ಏಳು ತಿಂಗಳಿರಲಿಲ್ಲ. ಹೊಸ ಕಂಪನಿಯವರು ಜೂನ್ ಮುಗಿಯುವುದರೊಳಗೆ ಪ್ರಮಾಣಪತ್ರ ತಂದರೆ ಮಾತ್ರ ಅವನ ವೀಸಾಕ್ಕೆ ತಾವು ನಿಲ್ಲುವುದಾಗಿ ಹೇಳಿದ್ದರು. ತಾರದಿದ್ದರೆ ಅವನು ಮೈಸೂರಿನ ವಿಮಾನ ಹತ್ತಬೇಕು. ರಮಾಕಾಂತರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬೇರೆ ದಾರಿಯಿರಲಿಲ್ಲ. ಆ ದಿನಗಳಲ್ಲಿ ಅವರು ಫಲಕಗಳ ಮುಂದೆ ನಿಲ್ಲದೆ ನಡೆಯುತ್ತಿದ್ದುದನ್ನು ಸುಭದ್ರಾ ಗಮನಿಸಿದ್ದಳು.

ಮಾರ್ಚಿನಲ್ಲಿ ಕೌಸ್ತುಭನ ತಾಯಿ ಶಾರದಮ್ಮ ಬಂದರು. ಮಗನ ಜೊತೆ ಮೂರು ತಿಂಗಳಿದ್ದು ಊರಿಗೆ ಹೊರಟಿದ್ದವರು, ಹೇಳಿಹೋಗಲು ಬಂದಿದ್ದರು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ನೆಟ್ಟಗೆ ಕೂರುವ, ಕಡಿಮೆ ಮಾತಿನ ಹೆಂಗಸು. ಭಾನುವಾರ ಮಧ್ಯಾಹ್ನ, ರಮಾಕಾಂತರು ಸ್ನಾನ ಮಾಡಿ ಪಂಚೆಯುಟ್ಟು ಬನಿಯನ್ನಿನ ಮೇಲೊಂದು ಟವೆಲ್ ಹೊದ್ದು ಬಂದು ಕೂತರು. ಕೋಟು ಬಾಗಿಲ ಹಿಂದಿನ ಗೂಟದಲ್ಲಿತ್ತು. ಕಾಫಿ ಆಯಿತು, ಮೈಸೂರಿನ ಸೆಕೆಯ ಮಾತಾಯಿತು, ಮಗನ ವಿಷಯ ಒಂದಕ್ಷರವೂ ಬರಲಿಲ್ಲ. ಏಳುವ ಹೊತ್ತಿಗೆ ಶಾರದಮ್ಮ ಚೀಲದಿಂದ ಒಂದು ಹಿತ್ತಾಳೆ ತಟ್ಟೆ ತೆಗೆದರು. ತಟ್ಟೆಯಲ್ಲಿ ಪಂಚೆ, ಶರ್ಟಿನ ಬಟ್ಟೆ, ತೆಂಗಿನಕಾಯಿ, ಅಡಿಕೆ, ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಅಪರೂಪಕ್ಕೆ ಸಿಗುವ ವೀಳ್ಯದೆಲೆ. ತಟ್ಟೆ ಹಿಡಿದು ರಮಾಕಾಂತರ ಮುಂದೆ ನಿಂತರು. ಊರಿಗೆ ಹೋಗುವ ಹಿರಿಯರು ಮರ್ಯಾದೆಗೆ ಕೊಡುತ್ತಿದ್ದಾರೆ ಎಂದು ಯಾರಾದರೂ ತಿಳಿಯುವಂತೆಯೇ ಇತ್ತು. ರಮಾಕಾಂತರ ಕೈ ಒಂದು ಕ್ಷಣ ತಡೆದು ನಿಂತಿತು.

"ತಗೊಳ್ರೀ" ಎಂದಳು ಸುಭದ್ರಾ. "ಹಿರಿಯರು ನಿಂತೇ ಇದಾರೆ."

ರಮಾಕಾಂತರು ಎರಡೂ ಕೈಚಾಚಿ ತಟ್ಟೆ ತೆಗೆದುಕೊಂಡು ತಲೆ ಬಾಗಿಸಿದರು. ಮಳೆ ಬರುವ ಹಾಗಿದೆ ಎಂದರೂ ಅಂದ್ರೆ ಎನ್ನುತ್ತಿದ್ದ ಮನುಷ್ಯ ಆಗ ಅದನ್ನು ಕೇಳಲಿಲ್ಲ. ತಟ್ಟೆ ಕೈಸೇರಿದ ಮೇಲೆ ಶಾರದಮ್ಮ ಸೆರಗು ಹೊದ್ದುಕೊಂಡು ಮೆಲ್ಲಗೆ ಹೇಳಿದರು:

"ತಾಂಬೂಲ ಕೊಟ್ಟು ಕೇಳ್ತಾ ಇದೀನಿ. ಆ ಏಳು ತಿಂಗಳು ನಡೆಸಿಕೊಡಿ. ನನ್ನ ಮಗನ್ನ ನಿಮ್ಮ ಕೈಲಿಟ್ಟು ಹೋಗ್ತಿದೀನಿ."

ಅವರು ಹೋದ ಮೇಲೂ ರಮಾಕಾಂತರು ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತೇ ಇದ್ದರು. ಏಕೆಂದು ಸುಭದ್ರಾಳಿಗೆ ಗೊತ್ತಿತ್ತು. ರಮಾಕಾಂತರ ಅಕ್ಕನ ಮದುವೆ ಮುರಿದದ್ದು ಗಂಡಿನ ಕಡೆಯವರು ತಾಂಬೂಲ ತೆಗೆದುಕೊಂಡು ಮಾತು ಹಿಂದಕ್ಕೆ ಪಡೆದದ್ದರಿಂದ. ಅವರ ತಂದೆ ಆ ಮನೆತನದ ಹೆಸರನ್ನು ಸಾಯುವವರೆಗೂ ಎತ್ತಿರಲಿಲ್ಲ. ಕಳ್ಳರನ್ನು ಕ್ಷಮಿಸಬಹುದು, ತಾಂಬೂಲ ತಿಂದು ತಪ್ಪಿದವರನ್ನಲ್ಲ ಎಂದು ಮಕ್ಕಳೆದುರು ಹೇಳುತ್ತಿದ್ದರಂತೆ. ಆ ತಂದೆಯ ಮಗ, ಸಣ್ಣಕ್ಷರಗಳನ್ನೆಲ್ಲ ಓದಿ ಬದುಕಿದ ಮನುಷ್ಯ, ಅಕ್ಷರವೇ ಇಲ್ಲದ ಒಂದು ಕರಾರನ್ನು ಬನಿಯನ್ನಿನಲ್ಲಿ ಕೂತು ಒಪ್ಪಿಕೊಂಡುಬಿಟ್ಟಿದ್ದರು.

ಮಂಗಳವಾರ ಕಚೇರಿಯಿಂದ ಬಂದವರೇ, ಕೋಟು ತೊಡದೆ, ಮುದ್ರಿಸದೆ, ಕಂಪ್ಯೂಟರಿನ ಮುಂದೆ ನಿಂತುಕೊಂಡೇ ಹೌದು ಎಂಬ ಚೌಕವನ್ನು ಏಳು ಸಲ ಒತ್ತಿದರು. ಆ ಏಳು ತಿಂಗಳಿನ ಹಾಳೆಗಳು ಫೈಲಿಗೆ ಸೇರಲೇ ಇಲ್ಲ. ಮೇ ತಿಂಗಳಲ್ಲಿ ಕೌಸ್ತುಭನಿಗೆ ಪ್ರಮಾಣಪತ್ರ ಬಂತು, ಜೂನಿನಲ್ಲಿ ವೀಸಾ ಆಯಿತು, ಪಾರ್ಕಿನಲ್ಲಿ ಬಾರ್ಬೆಕ್ಯೂ ಊಟ ಇಟ್ಟು ಎಲ್ಲರನ್ನೂ ಕರೆದ. ನನ್ನ ಗುರುಗಳು ಎಂದು ರಮಾಕಾಂತರ ಕಾಲು ಮುಟ್ಟಿದ. ಅವರು ಕಾಲು ಹಿಂದಕ್ಕೆಳೆದುಕೊಂಡದ್ದನ್ನು ಎಲ್ಲರೂ ವಿನಯವೆಂದುಕೊಂಡರು.

ಆಗಸ್ಟಿನಲ್ಲಿ ಪ್ರಮಾಣಪತ್ರ ಕೊಡುವ ಸಂಸ್ಥೆಯಿಂದ ರಮಾಕಾಂತರಿಗೆ ಪತ್ರ ಬಂತು. ಯಾರ ದೂರೂ ಅಲ್ಲ. ವರ್ಷಕ್ಕೊಮ್ಮೆ ಕೆಲವರ ದಾಖಲೆಗಳನ್ನು ಸುಮ್ಮನೆ ಆರಿಸಿ ಪರಿಶೀಲಿಸುತ್ತಾರೆ, ಆ ಸಲ ಕೌಸ್ತುಭನ ಹೆಸರು ಬಂದಿತ್ತು. ಇಂಥ ಏಳು ತಿಂಗಳಿನ ಕೆಲಸವನ್ನು ನೀವು ಖುದ್ದಾಗಿ ಪರಿಶೀಲಿಸಿದ್ದೀರಾ, ಟಿಪ್ಪಣಿಗಳಿದ್ದರೆ ಕಳಿಸಿ, ಹತ್ತು ದಿನದೊಳಗೆ ಉತ್ತರಿಸಿ. ಸಭ್ಯವಾದ, ಸಣ್ಣ ಪತ್ರ. ಕೌಸ್ತುಭ್ ಆ ಸಂಜೆಯೇ ಫೋನು ಮಾಡಿದ. ಹೆದರಿರಲಿಲ್ಲ, ಅವನಿಗೆ ಅದೊಂದು ಮಾಮೂಲಿ ಕೆಲಸ.

"ನೋಟ್ಸ್ ನಾನೇ ಟೈಪ್ ಮಾಡಿ ಕಳಿಸ್ತೀನಿ ಅಂಕಲ್. ನೀವು ಸುಮ್ನೆ ಫಾರ್ವರ್ಡ್ ಮಾಡಿ, ಸಾಕು."

ರಮಾಕಾಂತರು ಫೋನಿಟ್ಟು ಅಡಿಗೆಮನೆಗೆ ಬಂದರು. ಅವರ ಕಾಯಿ ಎಲ್ಲಿ ಎಂದು ಕೇಳಿದರು. ಸುಭದ್ರಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಐದು ತಿಂಗಳ ಹಿಂದೆ ಶಾರದಮ್ಮ ತಟ್ಟೆಯಲ್ಲಿಟ್ಟು ಕೊಟ್ಟ ಕಾಯಿ.

"ಚಟ್ನಿ ಮಾಡಿದ್ನಲ್ರೀ. ಮಾರನೇ ದಿನ ದೋಸೆಗೆ."

"ನಾನೂ ತಿಂದ್ನಾ?"

"ತಿಂದ್ರಿ."

ಶನಿವಾರ ಅವರು ಇಂಡಿಯನ್ ಅಂಗಡಿಗೆ ಹೋದರು. ಸುಭದ್ರಾ ಜೊತೆಗಿದ್ದಳು. ಬುಟ್ಟಿಯಲ್ಲಿದ್ದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗೈಯಲ್ಲಿ ತೂಗಿ, ಬದಿಗಿಟ್ಟು, ಇನ್ನೊಂದನ್ನೆತ್ತಿ, ಅರ್ಧ ಗಂಟೆ ಹುಡುಕಿದರು. ಆ ಕಾಯಿ ಹೇಗಿತ್ತೆಂದು ಕೇಳಿದರೆ ಅವಳಿಗೆ ಹೇಳಲಾಗಲಿಲ್ಲ. ವೀಳ್ಯದೆಲೆ ಆ ವಾರ ಬಂದಿರಲಿಲ್ಲ. ಮೂರು ಅಂಗಡಿ ತಿರುಗಿ ಬಾಡಿದ ಐದು ಎಲೆ ಸಿಕ್ಕವು. ಉಡದೆ ಇಟ್ಟಿದ್ದ ಪಂಚೆ, ಹೊಲಿಸದೆ ಇಟ್ಟಿದ್ದ ಬಟ್ಟೆ, ಅದೇ ಹಿತ್ತಾಳೆ ತಟ್ಟೆ. ಎಲ್ಲ ಜೋಡಿಸಿಕೊಂಡು ಕೌಸ್ತುಭನ ಮನೆಗೆ ಹೋದರು. ತೆಗೆದುಕೊಂಡದ್ದನ್ನು ಹಿಂದಿರುಗಿಸಿದರೆ ಆ ಮಾತಿನಿಂದ ಬಿಡುಗಡೆ, ಆಮೇಲೆ ಪತ್ರಕ್ಕೆ ನಿಜವಾದ ಉತ್ತರ ಬರೆಯಬಹುದು ಎಂಬುದು ಅವರ ಲೆಕ್ಕಾಚಾರ.

ಹುಡುಗ ಬಾಗಿಲು ತೆಗೆದು ತಟ್ಟೆ ನೋಡಿದ. ತಾಂಬೂಲ ಹಿಂದಕ್ಕೆ ಬಂದಿದೆ ಎಂದರೆ ಏನೆಂಬುದು ಇಲ್ಲಿ ಎಂಟು ವರ್ಷವಿದ್ದ ಅವನಿಗೂ ತಿಳಿಯಿತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಅದನ್ನ ನಾನು ತಗೊಳಕ್ಕಾಗಲ್ಲ ಅಂಕಲ್. ಕೊಟ್ಟೋರು ಅಮ್ಮ. ಅಮ್ಮ ಮೈಸೂರಲ್ಲಿದಾರೆ." ಆಮೇಲೆ ದನಿ ಇಳಿಸಿ, "ಒಂದು ಲೈನು ಅಂಕಲ್. ಯೆಸ್ ಅಂತ ಒಂದು ಲೈನು" ಎಂದ.

ತಟ್ಟೆಯೊಂದಿಗೆ ಹಾಗೆಯೇ ಮನೆಗೆ ಬಂದರು. ರಮಾಕಾಂತರು ಕೋಟು ತೊಟ್ಟು ಮೇಜಿನ ಮುಂದೆ ಕೂತರು. ಅವರು ಬರೆದದ್ದೂ ಒಂದೇ ಸಾಲು: ನಾನು ನೋಡದಿದ್ದ ಕೆಲಸಕ್ಕೆ ಹೌದೆಂದಿದ್ದೇನೆ, ತಪ್ಪು ನನ್ನದು. ಏಕೆ ಎಂದು ಬರೆಯಲಿಲ್ಲ. ಬರೆಯಿರಿ, ಅವರಿಗೂ ಗೊತ್ತಾಗಲಿ ಎಂದು ಸುಭದ್ರಾ ಅಂಗಲಾಚಿದಳು. ತಾಂಬೂಲ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಲಂಚ ಎಂದೇ ಓದುತ್ತಾರೆ, ಆ ಹೆಂಗಸು ಲಂಚ ಕೊಡಲಿಲ್ಲ ಎಂದು ಹೇಳಿ ಪತ್ರವನ್ನು ಕಳಿಸಿಬಿಟ್ಟರು.

ನವೆಂಬರಿನಲ್ಲಿ ತೀರ್ಮಾನ ಬಂತು. ರಮಾಕಾಂತರ ಪ್ರಮಾಣಪತ್ರ ಎರಡು ವರ್ಷ ಅಮಾನತು. ಅಷ್ಟರವರೆಗೆ ಯಾವುದಕ್ಕೂ ಆ ಹೆಸರಿನಲ್ಲಿ ಸಹಿ ಹಾಕುವಂತಿಲ್ಲ. ಆಮೇಲೆ ಬೇಕಿದ್ದರೆ ಆರರಲ್ಲೊಂದಾದ ವೃತ್ತಿನೀತಿಯ ಪತ್ರಿಕೆಯನ್ನು ಮತ್ತೆ ಬರೆದು ಬರಬೇಕು. ಕೌಸ್ತುಭ್ ಪ್ರಮಾಣಪತ್ರ ಹಿಂದಿರುಗಿಸಿ, ಏಳು ತಿಂಗಳ ಕೆಲಸವನ್ನು ಹೊಸದಾಗಿ ತೋರಿಸಬೇಕು. ಅಷ್ಟೆ. ವೀಸಾ ಆಗಿಹೋಗಿತ್ತು, ಕಂಪನಿಯವರಿಗೆ ಅವನ ಕೆಲಸ ಹಿಡಿಸಿತ್ತು. ಬೇರೆ ಮೆಂಟರ್ ಸಿಕ್ಕ, ಟ್ರಾಫಿಕ್ ಲೈಟಿನಲ್ಲಿ ನಿಂತಾಗ ಫೋನಿನಲ್ಲೇ ಒತ್ತಿ ಕಳಿಸುವವನೆಂದು ಹೆಸರಾದವನು. ಒಂದು ವರ್ಷದೊಳಗೆ ಪ್ರಮಾಣಪತ್ರ ಮತ್ತೆ ಕೈಗೆ ಬಂತು. ಈಗ ಕೌಸ್ತುಭನೇ ಮೆಂಟರು. ಹುಡುಗರು ಅವನ ಹತ್ತಿರ ಸಾಲು ನಿಲ್ಲುತ್ತಾರಂತೆ.

ಕನ್ನಡದವರ ಮನೆಗಳಲ್ಲಿ ದೂಷಣೆಯೆಲ್ಲ ರಮಾಕಾಂತರ ಮೇಲೆಯೇ ಬಿತ್ತು. ಸಹಿ ಹಾಕಿದ್ದಕ್ಕಲ್ಲ, ಹೇಳಿದ್ದಕ್ಕೆ. ಯುಗಾದಿಯ ಊಟದಲ್ಲಿ ಅವರ ಪಕ್ಕದ ಎರಡು ಕುರ್ಚಿ ಕೊನೆಯವರೆಗೂ ಖಾಲಿಯಿದ್ದವು. ಡಾಕ್ಟರ್ ಪಂಚಾಕ್ಷರಿ ಒಬ್ಬರೇ ಬಂದು ಕೂತರು. ಬಂದವರು ಸಮಾಧಾನ ಹೇಳಲಿಲ್ಲ. "ನಿಜ ಹೇಳೋದಾಗಿದ್ರೆ ಸಹಿಗೆ ಮುಂಚೆ ಹೇಳ್ಬೇಕಾಗಿತ್ತು ಕಣಯ್ಯ" ಎಂದರು. ರಮಾಕಾಂತರು ಒಬ್ಬಟ್ಟು ಮುರಿಯುತ್ತ ಹೌದು ಎಂದರು.

ಶಾರದಮ್ಮನ ಫೋನು ಬಂದದ್ದು ಸುಭದ್ರಾಳಿಗೆ. ಬೈಯಲಿಲ್ಲ, ಅಳಲಿಲ್ಲ, ತರಗತಿಯಲ್ಲಿ ತಪ್ಪು ಮಾಡಿದ ಒಳ್ಳೆಯ ವಿದ್ಯಾರ್ಥಿಯ ಬಗ್ಗೆ ಮಾತಾಡುವಂತೆ ಮಾತಾಡಿದರು.

"ಬೇಡ ಅಂದಿದ್ರೆ ತಟ್ಟೆ ವಾಪಸ್ ತಗೊಂಡು ಹೋಗ್ತಿದ್ದೆ ಕಣಮ್ಮ. ನಮ್ಮ ಹಣೆಬರಹ ಅಂದ್ಕೊಳ್ತಿದ್ದೆ. ತಗೊಂಡು ತಪ್ಪಬಾರದಾಗಿತ್ತು."

ಆ ಮಾತು ಸುಳ್ಳೆಂದು ಹೇಳುವುದು ಸುಭದ್ರಾಳಿಂದ ಆಗುತ್ತಿರಲಿಲ್ಲ; ಗಂಡ ಮಾಡಿದ್ದು ತಪ್ಪೆಂದು ಹೇಳುವುದೂ ಆಗುತ್ತಿರಲಿಲ್ಲ. ತಗೊಳ್ರೀ ಎಂದವಳು ತಾನು. ಕಾಯಿ ತುರಿದವಳೂ ತಾನು. ಆ ಎರಡನ್ನೂ ರಮಾಕಾಂತರು ಇಂದಿನವರೆಗೆ ಒಮ್ಮೆಯೂ ಎತ್ತಿ ಆಡಿಲ್ಲ. ಆಡಿದ್ದರೆ ವಾಸಿಯಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಪಂಚೆ ಬೀರುವಿನ ಮೇಲಿನ ಅಂಕಣದಲ್ಲಿ, ಮಡಿಕೆ ಮುರಿಯದೆ, ತುದಿಯಲ್ಲಿ ಅರಿಸಿನದ ಗುರುತಿನ ಸಮೇತ ಹಾಗೇ ಇದೆ. ಬಟ್ಟೆ ತೆಗೆಯುವಾಗಲೆಲ್ಲ ಅವಳ ಕೈ ಅದನ್ನು ಸುತ್ತುಬಳಸಿ ಹೋಗುತ್ತದೆ.

ಅಮಾನತಿನ ಎರಡು ವರ್ಷ ಕಳೆದು ಆಗಲೇ ಐದು ತಿಂಗಳಾಗಿವೆ. ರಮಾಕಾಂತರು ನೀತಿಯ ಪತ್ರಿಕೆ ಬರೆಯಲು ಹೋಗಿಲ್ಲ. ಆ ಪತ್ರಿಕೆಯ ಉತ್ತರಗಳೆಲ್ಲ ತಮಗೆ ಮೊದಲೂ ಗೊತ್ತಿದ್ದವಲ್ಲ ಎನ್ನುತ್ತಾರೆ. ಕಚೇರಿಯವರು ಅವರನ್ನು ತೆಗೆಯಲಿಲ್ಲ. ಕೆಲಸ ಅದೇ, ಮೇಜು ಮಾತ್ರ ಕಿಟಕಿಯಿಂದ ಒಳಕ್ಕೆ ಸರಿಯಿತು. ಕಾಗದಗಳನ್ನು ಅವರು ಸಿದ್ಧಪಡಿಸುತ್ತಾರೆ, ರಂಜನಿ ಸಹಿ ಹಾಕುತ್ತಾಳೆ.

ಕಳೆದ ಶುಕ್ರವಾರ ಇಬ್ಬರೂ ಒಟ್ಟಿಗೆ ಪೇಟೆಗೆ ಹೋಗುವುದಿದ್ದುದರಿಂದ ಸುಭದ್ರಾ ರೈಲಿನಲ್ಲಿ ಸಿಟಿಗೆ ಹೋಗಿ, ಅವರ ಕಚೇರಿಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಯುತ್ತ ಕೂತಿದ್ದಳು. ಗಾಜಿನ ಆಚೆ ರಂಜನಿಯ ಕೋಣೆ, ಬಾಗಿಲು ತೆರೆದಿತ್ತು. ರಮಾಕಾಂತರು ಒಂದು ಕಟ್ಟು ಕಾಗದ ತಂದು ಅವಳ ಮುಂದಿಟ್ಟರು. ಮೈಮೇಲೆ ಅದೇ ಕೋಟು. ರಂಜನಿ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ನೇರವಾಗಿ ಕೊನೆಯ ಪುಟ ತೆಗೆದು ಪೆನ್ನೆತ್ತಿದಳು.

"ಓದಮ್ಮ" ಎಂದರು ರಮಾಕಾಂತರು.

ಅವಳು ಫೋನಿಗೆ ಅಂಗೈ ಮುಚ್ಚಿ ಪ್ರೀತಿಯಿಂದ ನಕ್ಕಳು. "ನೀವು ಮಾಡಿರೋದಲ್ವಾ ಅಂಕಲ್. ಓದೋದೇನಿದೆ?"

ಸಹಿ ಹಾಕಿ, ಕಟ್ಟನ್ನು ಅವರ ಕಡೆಗೆ ಸರಿಸಿ, ಅವಳು ಮಾತು ಮುಂದುವರಿಸಿದಳು. ರಮಾಕಾಂತರು ಕಟ್ಟನ್ನು ತೆಗೆದುಕೊಳ್ಳಲಿಲ್ಲ. ಅವಳ ಮೇಜಿನ ಮುಂದೆ, ಕೋಟಿನ ಉದ್ದ ತೋಳುಗಳಲ್ಲಿ ಕೈ ಅಡಗಿಸಿಕೊಂಡು, ತಲೆ ತುಸು ಮುಂದೆ ಬಾಗಿಸಿ, ನಿಂತೇ ಇದ್ದರು. ಅವಳು ಕಿಟಕಿಯತ್ತ ತಿರುಗಿಕೊಂಡು ಮಾತಾಡುತ್ತಿದ್ದಳು, ನೋಡಲಿಲ್ಲ. ಕಡೆಗೆ ಅವರು ಕಟ್ಟನ್ನೆತ್ತಿಕೊಂಡು ಹೊರಗೆ ಬಂದು, ಬಾಗಿಲ ಪಕ್ಕ ನಿಂತಲ್ಲೇ, ತಾವೇ ಮಾಡಿದ ಆ ಕಾಗದಗಳನ್ನು ಮೊದಲ ಪುಟದಿಂದ ಓದತೊಡಗಿದರು. ಸುಭದ್ರಾ ಗಡಿಯಾರ ನೋಡಲಿಲ್ಲ.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರು ನಮ್ಮನ್ನು ಸಾಲುಸಾಲಾಗಿ ಓದುವಾಗ ನಮಗೆ ಬೇಸರ, ಬಸ್ಸು ತಪ್ಪುತ್ತದೆ, ಪಾಯಸ ಆರುತ್ತದೆ. ಅವರ ಒಂದು ಮಾತು ನಮಗೆ ಬೇಕಾದಾಗ ಮಾತ್ರ, ಅವರು ಓದಲಾಗದ ಭಾಷೆಯಲ್ಲಿ, ಮರ್ಯಾದೆಯ, ಸಲಿಗೆಯ, ಕಣ್ಣೀರಿನ ಭಾಷೆಯಲ್ಲಿ ಬರೆದು ಮುಂದಿಡುತ್ತೇವೆ. ಒಪ್ಪಿದರೆ ಒಂದು ಮಾತು ಕೆಡುತ್ತದೆ, ಒಪ್ಪದಿದ್ದರೆ ಇನ್ನೊಂದು. ಎರಡನ್ನೂ ಉಳಿಸಿಕೊಳ್ಳಲು ಬಾಡಿದ ಐದು ವೀಳ್ಯದೆಲೆ ಹಿಡಿದು ಅವರು ನಮ್ಮ ಬಾಗಿಲಿಗೆ ಬಂದು ನಿಂತಾಗ ನಾವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇವೆ. ಎಲ್ಲ ಮುಗಿದ ಮೇಲೆ ಅವರ ಮೇಲೆ ನಮಗೆ ಪೂರ್ಣ ನಂಬಿಕೆ ಇದೆ ಎನ್ನುತ್ತೇವೆ. ಅದು ಸುಳ್ಳೂ ಅಲ್ಲ. ಆದರೆ ಅವರು ಕೇಳಿದ್ದು ನಂಬಿಕೆಯನ್ನಲ್ಲ. ತಾವು ಎಲ್ಲರನ್ನೂ ಓದಿದ ಹಾಗೆ ತಮ್ಮನ್ನೂ ಯಾರಾದರೊಬ್ಬರು ಒಮ್ಮೆ ಓದಲಿ ಎಂದು ಕೇಳಿದ್ದರು, ಅಷ್ಟೆ. ಪರ್ತಿನಲ್ಲಿ ಒಬ್ಬ ಮುದುಕ ಓದಿದ್ದ. ಅವನು ತೀರಿಹೋಗಿ ಎಷ್ಟೋ ವರ್ಷಗಳಾದವು.